5/3/1 ಕಾರ್ಯಕ್ರಮದೊಂದಿಗೆ ಎರಡು ವರ್ಷ: ನನ್ನ ಸ್ಕ್ವಾಟ್‌ಗೆ ಸಿಕ್ಕಿದ್ದೇನು, ಸಿಗದೇ ಉಳಿದದ್ದೇನು

ಆರಂಭಿಕ ಹಂತ ದಾಟಿದ, ವಾರಕ್ಕೆ ನಾಲ್ಕು ದಿನ ಜಿಮ್ಮಿಗೆ ಹೋಗಬಲ್ಲ ಉದ್ಯೋಗಸ್ಥರಿಗೆ 5/3/1 ಎಂಬ ಬಲ ಬೆಳೆಸುವ ವ್ಯಾಯಾಮ ಕಾರ್ಯಕ್ರಮವನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಆದರೆ ಸ್ಕ್ವಾಟ್ (ರಾಡನ್ನು ಬೆನ್ನ ಮೇಲೆ ಹೊತ್ತು ಕುಳಿತೇಳುವುದು) ವಿಷಯದಲ್ಲಿ ಒಂದು ತಿದ್ದುಪಡಿ ಬೇಕೇ ಬೇಕು. ಮೂಲರೂಪದಲ್ಲಿ ಇದು ವಾರಕ್ಕೆ ಒಂದೇ ದಿನ ಸ್ಕ್ವಾಟ್ ಮಾಡಿಸುತ್ತದೆ. ಬಲ ಬೆಳೆಯಲು ಅಷ್ಟು ಸಾಲಬಹುದು, ತಂತ್ರ ತಿದ್ದಿಕೊಳ್ಳಲು ಸಾಲದು. ಎರಡು ವರ್ಷಕ್ಕೂ ಮೀರಿ ಇದನ್ನು ಅನುಸರಿಸಿದ ಮೇಲೆ ನನ್ನ ಅಭಿಪ್ರಾಯದ ತಿರುಳು ಇಷ್ಟೇ. ಉಳಿದ ವಿವರ ಕೆಳಗಿದೆ.

ಇದನ್ನು ರೂಪಿಸಿದವರು ಅಮೆರಿಕದ ಪವರ್‌ಲಿಫ್ಟರ್ (ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್ ಮೂರರ ಸ್ಪರ್ಧೆಯ ಪಟು) ಜಿಮ್ ವೆಂಡ್ಲರ್. ವಿಶೇಷ ಸೂಟ್ ತೊಟ್ಟು ಸ್ಪರ್ಧೆಯಲ್ಲಿ 1000 ಪೌಂಡ್, ಅಂದರೆ ಸುಮಾರು 454 ಕಿಲೋ, ಸ್ಕ್ವಾಟ್ ಮಾಡಿದವರು. 2009ರಲ್ಲಿ ಹೊರಬಂದ ಈ ಕಾರ್ಯಕ್ರಮದ ತಿರುಳು ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುತ್ತದೆ. ಸ್ಕ್ವಾಟ್, ಮಲಗಿ ಎದೆಯಿಂದ ರಾಡ್ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್, ನೆಲದಿಂದ ರಾಡ್ ಎತ್ತುವ ಡೆಡ್‌ಲಿಫ್ಟ್ ಮತ್ತು ನಿಂತು ತಲೆಯ ಮೇಲೆ ಎತ್ತುವ ಪ್ರೆಸ್ ಎಂಬ ನಾಲ್ಕು ಲಿಫ್ಟ್‌ಗಳು, ದಿನಕ್ಕೊಂದು.

ಲೆಕ್ಕ ಸರಳ. ಒಂದೇ ಬಾರಿಗೆ ನೀವು ಎತ್ತಬಲ್ಲ ಗರಿಷ್ಠ ತೂಕದ ಶೇ 90ರಷ್ಟನ್ನು ಟ್ರೈನಿಂಗ್ ಮ್ಯಾಕ್ಸ್ ಎಂದು ಇಟ್ಟುಕೊಳ್ಳಬೇಕು. 110 ಕಿಲೋ ಸ್ಕ್ವಾಟ್ ಮಾಡುವವರಿಗೆ ಅದು ಹೆಚ್ಚು ಕಡಿಮೆ 100. ಮುಂದಿನ ಲೆಕ್ಕವೆಲ್ಲ ಈ 100ರ ಮೇಲೆ. ಮೊದಲ ವಾರ 65, 75, 85 ಕಿಲೋಗಳಲ್ಲಿ ಐದೈದು ರೆಪ್, ಅಂದರೆ ಐದೈದು ಸಲ. ಎರಡನೆಯ ವಾರ 70, 80, 90ರಲ್ಲಿ ಮೂರು ಮೂರು. ಮೂರನೆಯ ವಾರ 75ರಲ್ಲಿ ಐದು, 85ರಲ್ಲಿ ಮೂರು, 95ರಲ್ಲಿ ಒಂದು. ಪ್ರತಿ ದಿನದ ಕೊನೆಯ ಸೆಟ್‌ನಲ್ಲಿ (ಒಂದೇ ಬೀಸಿಗೆ ಮಾಡುವ ರೆಪ್‌ಗಳ ಗುಂಪೇ ಸೆಟ್) ಮಾತ್ರ ಆ ಸಂಖ್ಯೆಗೆ ನಿಲ್ಲದೆ ಸಾಧ್ಯವಾದಷ್ಟು ರೆಪ್ ಮಾಡಬಹುದು. ನಾಲ್ಕನೆಯ ವಾರ ಹಗುರ, ದೇಹಕ್ಕೆ ಬಿಡುವು. ಆಮೇಲೆ ಸ್ಕ್ವಾಟ್ ಮತ್ತು ಡೆಡ್‌ಲಿಫ್ಟ್‌ನ ಟ್ರೈನಿಂಗ್ ಮ್ಯಾಕ್ಸ್‌ಗೆ 5 ಕಿಲೋ, ಮೇಲುದೇಹದ ಲಿಫ್ಟ್‌ಗಳಿಗೆ 2.5 ಕಿಲೋ ಸೇರಿಸಿ ಮತ್ತೆ ಮೊದಲಿನಿಂದ ಶುರು.

ಮೊದಲ ತಿಂಗಳು ಬಹಳ ಜನರಿಗೆ ಬೇಸರ ತರಿಸುವುದೇ ಇಲ್ಲಿ. 110 ಎತ್ತಬಲ್ಲವನಿಗೆ 85 ಕಿಲೋ ಭಾರವೆನಿಸುವುದಿಲ್ಲ. ನನಗೆ ಮಾತ್ರ ಈ ಕಾರ್ಯಕ್ರಮದ ಅತ್ಯಂತ ದೊಡ್ಡ ಉಪಕಾರವೆಂದರೆ ಆ ಹಗುರ ತಿಂಗಳುಗಳೇ. ತೂಕ ಗರಿಷ್ಠದ ಹತ್ತಿರ ಇದ್ದಾಗ ಮನಸ್ಸೆಲ್ಲ ಏಳುವುದರ ಮೇಲೆಯೇ ಇರುತ್ತದೆ. ಪಾದ ಹೇಗಿದೆ, ಉಸಿರು ಎಲ್ಲಿದೆ ಎಂದು ಗಮನಿಸಲು ಪುರಸೊತ್ತಿರುವುದಿಲ್ಲ. ತೂಕ ಕೈಯಳತೆಯಲ್ಲಿದ್ದಾಗ ಮಾತ್ರ ಅಭ್ಯಾಸ ಬದಲಾಗುತ್ತದೆ.

ಮೊಬೈಲನ್ನು ಬೆಂಚಿನ ಮೇಲೆ, ಸೊಂಟದ ಎತ್ತರಕ್ಕೆ, ಸರಿಯಾಗಿ ಪಕ್ಕದಿಂದ ಕಾಣುವಂತೆ ಇಟ್ಟು ಕೊನೆಯ ಸೆಟ್ಟನ್ನು ಚಿತ್ರೀಕರಿಸುವುದು ನನ್ನ ಪದ್ಧತಿ. ಮುಂಭಾಗದಿಂದ ತೆಗೆದ ವಿಡಿಯೊದಲ್ಲಿ ಮೊಣಕಾಲು ಒಳಗೆ ವಾಲುವುದು ಕಾಣುತ್ತದೆಯೇ ಹೊರತು ರಾಡ್ ಸಾಗುವ ದಾರಿ ಕಾಣುವುದಿಲ್ಲ. ಪಕ್ಕದ ವಿಡಿಯೊದಲ್ಲಿ ನನ್ನ ಸ್ಕ್ವಾಟ್‌ನ ಸ್ವಭಾವ ಸ್ಪಷ್ಟವಾಗಿ ಸಿಕ್ಕಿತು: ಮೊದಲ ನಾಲ್ಕು ರೆಪ್ ಚೊಕ್ಕ, ಐದರ ನಂತರ ತಳದಿಂದ ಏಳುವಾಗ ಸೊಂಟ ಮೊದಲು ಮೇಲೆ ಹೋಗಿ, ಎದೆ ಅಲ್ಲೇ ಉಳಿದು, ರಾಡ್ ಪಾದದ ಮಧ್ಯದಿಂದ ಬೆರಳುಗಳ ಕಡೆಗೆ ಜಾರುತ್ತಿತ್ತು. ಕಾಲಿನ ಕೆಲಸವನ್ನು ಕೆಳಬೆನ್ನು ಹೊತ್ತುಕೊಳ್ಳುವುದು ಹೀಗೆಯೇ. ಬೆನ್ನುನೋವಿನ ಹೆದರಿಕೆಯಿಂದ ಸ್ಕ್ವಾಟ್ ಬಿಟ್ಟವರಲ್ಲಿ ಎಷ್ಟೋ ಜನರ ಕಥೆ ಇದೇ ಇರಬಹುದು ಎಂದು ನನಗೆ ಅನಿಸುತ್ತದೆ.

ಇದಕ್ಕೆ ಮದ್ದು ಮೇಲಿನ ಅರ್ಧದಲ್ಲಿಲ್ಲ, ಕೆಳಗೆ ಇಳಿಯುವುದರಲ್ಲಿದೆ. ನಮ್ಮ ಮಂಗಳೂರಿನ ಜಿಮ್ಮಿನಲ್ಲಿ ಹಿಂದೆ ರಾಜ್ಯಮಟ್ಟದಲ್ಲಿ ಸ್ಪರ್ಧಿಸಿದ ಹಿರಿಯರೊಬ್ಬರಿದ್ದಾರೆ. ನನ್ನ ಒಂದು ಸೆಟ್ ನೋಡಿ, "ಏಳುವುದರ ಚಿಂತೆ ಬಿಡಿ ಮಾರಾಯರೇ, ಇಳಿಯುವಾಗ ಹಿಮ್ಮಡಿ ಹಗುರವಾಗುತ್ತಿದೆ, ಅದನ್ನು ನೋಡಿಕೊಳ್ಳಿ" ಎಂದರು. ಹಿಮ್ಮಡಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಈ ಮೂರೂ ಜಾಗ ಕೊನೆಯವರೆಗೂ ನೆಲಕ್ಕೆ ಅಂಟಿರಬೇಕು. ಇಳಿಯುವ ಮೊದಲು ಹೊಟ್ಟೆಯೊಳಕ್ಕೆ ಗಾಳಿ ತುಂಬಿ, ಮುಂದಕ್ಕೆ ಮಾತ್ರವಲ್ಲದೆ ಪಕ್ಕೆಗಳಿಗೂ ಒತ್ತಿ, ಆ ಬಿಗಿತವನ್ನು ಮೇಲೆ ಬರುವವರೆಗೂ ಬಿಡಬಾರದು. ತಳ ಮುಟ್ಟುವ ಹೊತ್ತಿಗೆ ಈ ಬಿಗಿ ಸಡಿಲವಾದರೆ ಸೊಂಟ ಹಾರುತ್ತದೆ. ಬೆಲ್ಟ್ ಮಾಡುವ ಕೆಲಸವೂ ಇಷ್ಟೇ: ಹೊಟ್ಟೆ ಒತ್ತಿಕೊಳ್ಳಲು ಒಂದು ಗೋಡೆ. ಉಸಿರು ಹಿಡಿಯಲು ಬಾರದವರಿಗೆ ಬೆಲ್ಟ್ ಹೆಚ್ಚೇನೂ ಕೊಡದು. (ರಕ್ತದೊತ್ತಡ ಇರುವವರು ಹೀಗೆ ಉಸಿರು ಬಿಗಿಹಿಡಿಯುವ ಮೊದಲು ವೈದ್ಯರನ್ನು ಕೇಳಲೇಬೇಕು. ಇದನ್ನು ನಾನು ಗಂಭೀರವಾಗಿ ಹೇಳುತ್ತಿದ್ದೇನೆ.)

ಇಲ್ಲಿಯೇ ನಾನು ಮಾಡಿಕೊಂಡ ತಿದ್ದುಪಡಿ ಬರುತ್ತದೆ. ಸೋಮವಾರ ಭಾರದ ಸ್ಕ್ವಾಟ್, ಮಂಗಳವಾರ ಪ್ರೆಸ್, ಗುರುವಾರ ಬೆಂಚ್, ಶನಿವಾರ ಡೆಡ್‌ಲಿಫ್ಟ್. ಗುರುವಾರ ಬೆಂಚ್ ಮುಗಿದ ಮೇಲೆ ಟ್ರೈನಿಂಗ್ ಮ್ಯಾಕ್ಸ್‌ನ ಶೇ 60ರಲ್ಲಿ ಐದು ಸೆಟ್, ಮೂರು ಮೂರು ರೆಪ್ ಸ್ಕ್ವಾಟ್. ಪ್ರತಿ ರೆಪ್‌ನಲ್ಲಿ ತಳದಲ್ಲಿ ಎರಡು ಸೆಕೆಂಡು ನಿಲ್ಲಬೇಕು. ಬಿಗಿ ಬಿಟ್ಟು ಕುಳಿತುಬಿಟ್ಟರೆ ಅಲ್ಲಿಂದ ಏಳಲಾಗದು, ಹಾಗಾಗಿ ಈ ವ್ಯಾಯಾಮವೇ ತಪ್ಪನ್ನು ತೋರಿಸಿಕೊಡುತ್ತದೆ. ತೂಕ ಕಡಿಮೆಯಾದ್ದರಿಂದ ಶನಿವಾರದ ಡೆಡ್‌ಲಿಫ್ಟ್‌ಗೆ ತೊಂದರೆಯಾಗುವುದಿಲ್ಲ. ಕೆಲವು ತಿಂಗಳಲ್ಲಿ ಸೋಮವಾರದ ವಿಡಿಯೊಗಳಲ್ಲಿ ಬದಲಾವಣೆ ಕಾಣತೊಡಗಿತು. ಎಂಟನೆಯ ರೆಪ್‌ನಲ್ಲಿಯೂ ಎದೆ ಮತ್ತು ಸೊಂಟ ಒಟ್ಟಿಗೆ ಏಳುತ್ತಿದ್ದವು. ಕಾರ್ಯಕ್ರಮವನ್ನು ಮೂಲರೂಪದಲ್ಲಿಯೇ ಮಾಡಿದ್ದರೆ ಇದು ಸಾಧ್ಯವಾಗುತ್ತಿತ್ತೆಂದು ನನಗೆ ಅನಿಸುವುದಿಲ್ಲ.

ಕೊನೆಯ ಸೆಟ್‌ನ ಬಗ್ಗೆಯೂ ಒಂದು ಮಾತು. ಸಾಧ್ಯವಾದಷ್ಟು ರೆಪ್ ಎಂದರೆ ಉಸಿರು ಕಟ್ಟುವವರೆಗೆ ಎಂದು ಬಹಳ ಜನ ತಿಳಿಯುತ್ತಾರೆ. ಸ್ಕ್ವಾಟ್‌ನಲ್ಲಿ ಹಾಗೆ ಮಾಡಬಾರದು ಎಂಬುದು ನನ್ನ ಖಚಿತ ನಿಲುವು. ಆಳ ಕಡಿಮೆಯಾದ ಕ್ಷಣ, ಸೊಂಟ ಮೊದಲು ಎದ್ದ ಕ್ಷಣ, ಕಾಲಲ್ಲಿ ಇನ್ನೂ ಬಲ ಉಳಿದಿದ್ದರೂ ಆ ಸೆಟ್ ಮುಗಿಯಿತು. ಪ್ರಗತಿ ತಿಳಿಯಲು ವೆಂಡ್ಲರ್ ಕೊಡುವ ಸೂತ್ರ ಸಾಕು: ತೂಕವನ್ನು ರೆಪ್‌ನಿಂದ ಗುಣಿಸಿ, 0.0333ರಿಂದ ಗುಣಿಸಿ, ಅದಕ್ಕೆ ತೂಕವನ್ನು ಕೂಡಿಸಿದರೆ ಅಂದಾಜು ಗರಿಷ್ಠ ಸಿಗುತ್ತದೆ. 85 ಕಿಲೋಗೆ ಎಂಟು ರೆಪ್ ಎಂದರೆ 107.6, 90 ಕಿಲೋಗೆ ಆರು ರೆಪ್ ಎಂದರೆ 108. ಎರಡೂ ಒಂದೇ ಮಟ್ಟದ ಬಲ. ಒಂದು ನೋಟ್‌ಬುಕ್‌ನಲ್ಲಿ ಈ ಅಂದಾಜನ್ನು ಬರೆದಿಟ್ಟುಕೊಂಡರೆ, ಗರಿಷ್ಠವನ್ನು ಮತ್ತೆ ಮತ್ತೆ ಪರೀಕ್ಷಿಸುವ ಹಂಬಲ ತಾನಾಗಿಯೇ ಇಳಿಯುತ್ತದೆ.

ಆಳದ ವಿಷಯದಲ್ಲಿ ಜಿಮ್ಮಿಗೊಂದು ಅಭಿಪ್ರಾಯವಿರುತ್ತದೆ, ಸ್ಪರ್ಧೆಗೆ ಇರುವುದು ಒಂದೇ. ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟದ ನಿಯಮದಂತೆ, ಸೊಂಟದ ಕೀಲಿನ ಬಳಿ ತೊಡೆಯ ಮೇಲ್ಭಾಗವು ಮೊಣಕಾಲಿನ ಮೇಲ್ತುದಿಗಿಂತ ಕೆಳಗೆ ಹೋಗಬೇಕು. ಮೂವರು ತೀರ್ಪುಗಾರರಲ್ಲಿ ಇಬ್ಬರು ಬಿಳಿ ದೀಪ ಕೊಟ್ಟರೆ ಲಿಫ್ಟ್ ಸಿಂಧು. ಸ್ಪರ್ಧಿಸದವರೂ ಇದೇ ಅಳತೆಗೋಲನ್ನು ಇಟ್ಟುಕೊಳ್ಳುವುದು ಒಳ್ಳೆಯದು. ತೂಕ ಏರಿದಂತೆ ಆಳ ಕಡಿಮೆಯಾಗುತ್ತ ಬಂದರೆ ನೋಟ್‌ಬುಕ್ಕಿನ ಅಂಕಿಗಳಿಗೆ ಅರ್ಥವೇ ಇರುವುದಿಲ್ಲ.

ಇನ್ನು "ಮೊಣಕಾಲು ಕಾಲ್ಬೆರಳು ದಾಟಬಾರದು" ಎಂಬ ಉಪದೇಶ. ಇದನ್ನು ಎಲ್ಲ ಜಿಮ್‌ಗಳಲ್ಲೂ ಕೇಳಿದ್ದೇನೆ, ಒಪ್ಪುವುದಿಲ್ಲ. ಉದ್ದ ತೊಡೆಯವರಿಗೆ ಮೊಣಕಾಲು ದಾಟದೆ ಆಳಕ್ಕೆ ಇಳಿಯುವುದು ಅಸಾಧ್ಯವೆನ್ನುವಷ್ಟು ಕಷ್ಟ. ಬಲವಂತವಾಗಿ ತಡೆದರೆ ಆ ಹೊರೆ ಸೊಂಟ ಮತ್ತು ಕೆಳಬೆನ್ನಿಗೆ ವರ್ಗವಾಗುತ್ತದೆ. ನೋಡಬೇಕಾದದ್ದು ರಾಡ್ ಪಾದದ ಮಧ್ಯದ ಮೇಲಿದೆಯೇ, ಮೊಣಕಾಲು ಪಾದ ಚಾಚಿದ ದಿಕ್ಕಿಗೇ ಸಾಗುತ್ತಿದೆಯೇ ಎಂಬುದನ್ನು.

ರಾಡ್ ಎಲ್ಲಿಡಬೇಕು? ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ಮೇಲೆ ನಮ್ಮ ಕಡೆ ಎಳೆಯರಲ್ಲಿ ಭಾರ ಎತ್ತುವ ಉತ್ಸಾಹ ಹೆಚ್ಚಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಅವರದು ರಾಡನ್ನು ತಲೆಯ ಮೇಲಕ್ಕೆ ಎತ್ತುವ ವೇಟ್‌ಲಿಫ್ಟಿಂಗ್. ಆ ಕ್ರೀಡೆಯವರು ರಾಡನ್ನು ಕತ್ತಿನ ಬುಡದಲ್ಲಿ, ಮೇಲೆ ಇಟ್ಟು, ಬೆನ್ನು ನೆಟ್ಟಗಿಟ್ಟು ಸ್ಕ್ವಾಟ್ ಮಾಡುತ್ತಾರೆ. ಪವರ್‌ಲಿಫ್ಟಿಂಗ್‌ನಲ್ಲಿ ಹೆಚ್ಚಿನವರು ರಾಡನ್ನು ಇನ್ನಷ್ಟು ಕೆಳಗೆ, ಹೆಗಲ ಹಿಂಬದಿಯ ಸ್ನಾಯುವಿನ ಮೇಲೆ ಇಟ್ಟು, ಸ್ವಲ್ಪ ಮುಂದೆ ಬಾಗುತ್ತಾರೆ. ಹೀಗೆ ಇಟ್ಟರೆ ಸಾಮಾನ್ಯವಾಗಿ ಹೆಚ್ಚು ತೂಕ ಸಾಗುತ್ತದೆ. ನಾನು ಆರಿಸಿಕೊಂಡದ್ದು ಈ ಎರಡನೆಯದನ್ನು.

ಕರಾವಳಿಯಲ್ಲಿ ಅದಕ್ಕೊಂದು ತೊಡಕಿದೆ. ಏಪ್ರಿಲ್, ಮೇ ತಿಂಗಳ ಸೆಕೆಗೆ ಎರಡನೆಯ ಸೆಟ್ ಮುಗಿಯುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿ, ರಾಡ್ ಬೆವರಿನ ಮೇಲೆ ನಿಧಾನವಾಗಿ ಕೆಳಗೆ ಜಾರುತ್ತದೆ. ಅದನ್ನು ತಡೆಯಲು ಮಣಿಕಟ್ಟು ಹಿಂದಕ್ಕೆ ಮುರಿಯುತ್ತದೆ, ಮೊಣಕೈಗೆ ನೋವು ಶುರುವಾಗುತ್ತದೆ. ಮಿಂಚುವ ಪಾಲಿಯೆಸ್ಟರ್ ಅಂಗಿ ಬಿಟ್ಟು ದಪ್ಪ ಹತ್ತಿಯ ಟೀ ಶರ್ಟ್ ತೊಟ್ಟು, ಗೆಳೆಯನ ಕೈಯಿಂದ ಅಂಗಿಯ ಹಿಂಭಾಗಕ್ಕೆ ರಾಡ್ ಕೂರುವ ಜಾಗದಲ್ಲಿ ಚಾಕ್ ಬಳಿಸಿಕೊಂಡರೆ ರಾಡ್ ಅಲುಗುವುದಿಲ್ಲ. ಯಾವ ಕಾರ್ಯಕ್ರಮವೂ ಇದನ್ನು ಹೇಳಿಕೊಡುವುದಿಲ್ಲ.

ಸಾಮಗ್ರಿಯ ಬಗ್ಗೆ ಚುಟುಕಾಗಿ: ಓಡುವ ಮೆತ್ತನೆಯ ಶೂ ಬೇಡ, ಗಟ್ಟಿ ಅಡಿಯ ಸಾದಾ ಕ್ಯಾನ್ವಾಸ್ ಶೂ ಸಾಕು. ಗೋಡೆಯಿಂದ ಹತ್ತು ಸೆಂಟಿಮೀಟರ್ ದೂರ ಬೆರಳಿಟ್ಟು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಲು ಆಗದಿದ್ದರೆ ಹಿಮ್ಮಡಿ ಎತ್ತರವಿರುವ ಲಿಫ್ಟಿಂಗ್ ಶೂಗೆ ಹಣ ಹಾಕುವುದರಲ್ಲಿ ಅರ್ಥವಿದೆ. ಹೆಚ್ಚಿನ ಜಿಮ್‌ಗಳಲ್ಲಿ 2.5 ಕಿಲೋಗಿಂತ ಚಿಕ್ಕ ಪ್ಲೇಟ್ ಇರುವುದಿಲ್ಲ, ಆದ್ದರಿಂದ 1.25 ಕಿಲೋ ಪ್ಲೇಟ್ ಒಂದು ಜೋಡಿ ಸ್ವಂತಕ್ಕೆ ಕೊಳ್ಳಿ. ಸ್ಮಿತ್ ಮೆಷಿನ್ ಮಾತ್ರ ಇರುವ ಜಿಮ್ಮಿನಲ್ಲಿ ಈ ಕಾರ್ಯಕ್ರಮ ನಡೆಯದು. ಅದರಲ್ಲಿ ರಾಡಿನ ದಾರಿಯನ್ನು ಯಂತ್ರವೇ ನಿರ್ಧರಿಸುತ್ತದೆ, ನಾವು ಕಲಿಯಬೇಕಾದದ್ದು ಅದನ್ನೇ.

ದೂರುಗಳೂ ಇವೆ. ಇದಕ್ಕೆ ಉಪರೂಪಗಳು ಲೆಕ್ಕವಿಲ್ಲದಷ್ಟು, ಹೊಸಬರಿಗೆ ಯಾವುದು ಹಿಡಿಯಬೇಕೆಂದೇ ತಿಳಿಯುವುದಿಲ್ಲ. ಮುಖ್ಯ ಸೆಟ್‌ಗಳ ನಂತರ ಹಗುರ ತೂಕದಲ್ಲಿ ಐದು ಸೆಟ್, ಹತ್ತು ಹತ್ತು ರೆಪ್ ಮಾಡಿಸುವ ರೂಪ ಬಹಳ ಜನಪ್ರಿಯ. ತೊಡೆ ತುಂಬಿಕೊಳ್ಳಲು ಅದು ಒಳ್ಳೆಯದೇ, ಆದರೆ ಏಳನೆಯ ರೆಪ್‌ನ ನಂತರ ತಂತ್ರ ಕೆಡುತ್ತದೆ. ಅದರ ಬದಲು ಆ ದಿನದ ಮೊದಲ ಸೆಟ್‌ನ ತೂಕಕ್ಕೆ ಮರಳಿ ಐದು ಸೆಟ್, ಐದೈದು ರೆಪ್ ಮಾಡುವ ರೂಪ ನನಗೆ ಒಗ್ಗಿತು. ಮತ್ತೊಂದು, ನಾಲ್ಕು ವಾರಕ್ಕೊಮ್ಮೆ 5 ಕಿಲೋ ಏರಿಸಿದರೆ ಲೆಕ್ಕದಲ್ಲಿ ವರ್ಷಕ್ಕೆ 65 ಕಿಲೋ. ದೇಹ ಆ ಲೆಕ್ಕ ಕೇಳುವುದಿಲ್ಲ. ರೆಪ್‌ಗಳು ಕನಿಷ್ಠಕ್ಕೆ ಇಳಿದಾಗ ಟ್ರೈನಿಂಗ್ ಮ್ಯಾಕ್ಸನ್ನು ಶೇ 10ರಷ್ಟು ಇಳಿಸಿ, ಮುಂದೆ ಪ್ರತಿ ಸುತ್ತಿಗೆ 2.5 ಕಿಲೋ ಮಾತ್ರ ಏರಿಸುತ್ತಿದ್ದೇನೆ. ವೆಂಡ್ಲರ್ ಕೂಡ ನಂತರದ ಬರಹಗಳಲ್ಲಿ ಟ್ರೈನಿಂಗ್ ಮ್ಯಾಕ್ಸನ್ನು ಗರಿಷ್ಠದ ಶೇ 85ರಿಂದ ಶುರು ಮಾಡಿ ಎಂದಿದ್ದಾರೆ. 110 ಕಿಲೋದಿಂದ ಹೊರಟ ನನ್ನ ಸ್ಕ್ವಾಟ್ ಈಗ 145ರಲ್ಲಿದೆ. ಇಪ್ಪತ್ತರ ಹರೆಯದವರಿಗೆ ಇದು ನಿಧಾನವೆನಿಸಬಹುದು. ದಿನವಿಡೀ ಕುಳಿತು ಕೆಲಸ ಮಾಡುವ, 74 ಕಿಲೋ ದೇಹತೂಕದ ವರ್ಗದ ನನಗೆ ತೃಪ್ತಿ ಇದೆ.

ಬೇರೆ ಕಾರ್ಯಕ್ರಮಗಳನ್ನು ತೂಗಿ ನೋಡುವವರಿಗೆ: ರಾಡ್ ಮುಟ್ಟಿ ಆರು ತಿಂಗಳೂ ಆಗದವರು 5/3/1ಕ್ಕೆ ಬರಬೇಡಿ. ವಾರಕ್ಕೆ ಮೂರು ದಿನ, ಮೂರು ಸೆಟ್ ಐದೈದು ರೆಪ್, ಪ್ರತಿ ಸಲ 2.5 ಕಿಲೋ ಏರಿಸುವ ಸರಳ ಕ್ರಮ ನಿಮಗೆ ಬೇಗ ಫಲ ಕೊಡುತ್ತದೆ, ಸ್ಕ್ವಾಟ್ ಅಭ್ಯಾಸವೂ ಮೂರು ಪಟ್ಟು. ರಷ್ಯಾ ಮೂಲದ ಸ್ಮೋಲೋವ್ ಎಂಬ ಕಾರ್ಯಕ್ರಮ ವಾರಕ್ಕೆ ನಾಲ್ಕು ದಿನ ಸ್ಕ್ವಾಟ್ ಮಾಡಿಸುತ್ತದೆ, ಅದರಲ್ಲಿ ಒಂದು ದಿನ ಗರಿಷ್ಠದ ಶೇ 85ರಲ್ಲಿ ಹತ್ತು ಸೆಟ್, ಮೂರು ಮೂರು ರೆಪ್. ಕೆಲಸ, ಮನೆ, ಮಕ್ಕಳು ಇರುವವರು ದೂರದಿಂದಲೇ ನಮಸ್ಕರಿಸುವುದು ಕ್ಷೇಮ. ರಷ್ಯಾದ ಪವರ್‌ಲಿಫ್ಟಿಂಗ್ ತರಬೇತುದಾರ ಬೋರಿಸ್ ಶೇಕೊ ಅವರ ಕಾರ್ಯಕ್ರಮಗಳು ಮಧ್ಯಮ ತೂಕದಲ್ಲಿ ತಂತ್ರವನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತವೆ. ತಂತ್ರದ ದೃಷ್ಟಿಯಿಂದ ನನಗೆ ಅವುಗಳ ಮೇಲೆ ಗೌರವ ಹೆಚ್ಚು, ಆದರೆ ಒಂದೊಂದು ದಿನಕ್ಕೆ ಎರಡು ಗಂಟೆ ಬೇಕು.

ಸ್ಪರ್ಧೆಗೆ ಇಳಿಯುವವರಿಗೆ ಈ ಕಾರ್ಯಕ್ರಮದ ಮೂಲ ಸುತ್ತು ಹಾಗೆಯೇ ಸಾಲದು. ಕೊನೆಯ ಐದಾರು ವಾರ ಮೂರನೆಯ ಸೆಟ್‌ನಲ್ಲಿ ಹೆಚ್ಚು ರೆಪ್ ಮಾಡುವುದನ್ನು ನಿಲ್ಲಿಸಿ, ಟ್ರೈನಿಂಗ್ ಮ್ಯಾಕ್ಸ್ ತೂಕದ ಆಸುಪಾಸಿನಲ್ಲಿ ಒಂದೊಂದೇ ರೆಪ್ ಅಭ್ಯಾಸ ಮಾಡಬೇಕು. ಜೊತೆಗೆ ಆಜ್ಞೆಗಳ ಅಭ್ಯಾಸ: ರ‍್ಯಾಕ್‌ನಿಂದ ಹಿಂದೆ ಬಂದು ಮೊಣಕಾಲು ನೇರವಾಗಿಟ್ಟು ನಿಂತು, ಮುಖ್ಯ ತೀರ್ಪುಗಾರರು "ಸ್ಕ್ವಾಟ್" ಎನ್ನುವವರೆಗೆ ಕಾಯಬೇಕು, ಎದ್ದ ಮೇಲೆ "ರ‍್ಯಾಕ್" ಎನ್ನುವವರೆಗೆ ಅಲುಗಬಾರದು. ತೂಕ ಎತ್ತಿಯೂ ಈ ಆಜ್ಞೆಗೆ ಮೊದಲೇ ಹೆಜ್ಜೆ ಇಟ್ಟು ಕೆಂಪು ದೀಪ ಕಂಡವರನ್ನು ನೋಡಿದ್ದೇನೆ. ಮೂರು ಅವಕಾಶಗಳಲ್ಲಿ ಮೊದಲನೆಯದಕ್ಕೆ, ಯಾವ ಕೆಟ್ಟ ದಿನದಲ್ಲಾದರೂ ಮೂರು ರೆಪ್ ಮಾಡಬಲ್ಲ ತೂಕವನ್ನೇ ಬರೆದುಕೊಡಿ. ಒಮ್ಮೆ ಹೇಳಿದ ತೂಕವನ್ನು ವೇದಿಕೆಯಲ್ಲಿ ಇಳಿಸಲು ಬರುವುದಿಲ್ಲ. ಮೂರೂ ಸ್ಕ್ವಾಟ್ ವಿಫಲವಾದರೆ ಮೂರೂ ಲಿಫ್ಟ್‌ಗಳನ್ನು ಕೂಡಿಸಿದ ಆ ದಿನದ ಒಟ್ಟು ಮೊತ್ತವೇ ಇರುವುದಿಲ್ಲ.