ಎರೆಮಣ್ಣಿಗೆ ಡಾನ್ ರೆಡ್‌ವುಡ್ ತರುವ ಮುನ್ನ

ವಿಜಯಪುರದಲ್ಲಿ ಮನೆ ಕಟ್ಟಿಸಿದ ಮೇಲೆ, ಅಂಗಳದ ಅಂಚಿಗೆ ಗೋಪುರದಂತೆ ನೆಟ್ಟಗೆ ಬೆಳೆಯುವ ಮರಗಳ ಸಾಲಿರಲಿ ಎಂದು ಪರವೂರಿನ ನರ್ಸರಿಯೊಂದರಿಂದ ಡಾನ್ ರೆಡ್‌ವುಡ್ ಮರದ ನಾಲ್ಕು ಸಸಿಗಳನ್ನು, ಒಂದಕ್ಕೆ 1,800 ರೂಪಾಯಿಯಂತೆ ಕೊಟ್ಟು ತರಿಸಿದೆ. ವರ್ಷವಿಡೀ ಹಸಿರಾಗಿರುತ್ತದೆ, ಯಾವ ಮಣ್ಣಿಗಾದರೂ ಒಗ್ಗುತ್ತದೆ ಎಂದು ಮಾರಿದವರು ಹೇಳಿದ್ದರು. ಎರಡೂ ಸುಳ್ಳು. ನಾಲ್ಕರಲ್ಲಿ ಇಂದು ಒಂದೂ ಉಳಿದಿಲ್ಲ.

ಮೊದಲನೆಯ ಸಸಿಯನ್ನು ಕೊಂದವರು ನಾವೇ. ಸೂಜಿಯೆಲೆಯ ಮರಗಳೆಲ್ಲ ನಿತ್ಯಹಸಿರು ಎಂದು ನಂಬಿದ್ದೆವು. ಆದರೆ ಇದು ಲಾರ್ಚ್ ಮರದಂತೆ ಚಳಿಗಾಲಕ್ಕೆ ಬರಿದಾಗುವ ಜಾತಿಯಾಗಿದ್ದು, ಗರಿಯಂತಹ ಕಿರುಕೊಂಬೆಗಳೇ ಎಲೆಸಮೇತ ಕೆಂಗಂದು ಬಣ್ಣಕ್ಕೆ ತಿರುಗಿ ಕಳಚಿ ಬೀಳುತ್ತವೆ. ಡಿಸೆಂಬರಿನಲ್ಲಿ ಮಾಲಿ ನೋಡಿ, “ಸರ, ಇದು ಒಣಗೇತ್ರಿ” ಎಂದಾಗ ನಾನೂ ಒಪ್ಪಿದೆ. ಬುಡಕ್ಕೆ ಕಡಿದ ಮೇಲೆ ನೋಡಿದರೆ ಒಳಗೆಲ್ಲ ಹಸಿ. ಉಗುರಿನಿಂದ ತೊಗಟೆ ಕೆರೆದಿದ್ದರೆ ಅದು ಮೊದಲೇ ತಿಳಿಯುತ್ತಿತ್ತು. ಆ ನೋವು ಇನ್ನೂ ಹೋಗಿಲ್ಲ.

ಉಳಿದ ಮೂರು ವಸಂತದಲ್ಲಿ ಚಿಗುರಿದವಾದರೂ ಚಿಗುರೆಲ್ಲ ಹಳದಿ. ಪಳೆಯುಳಿಕೆಗಳಿಂದಷ್ಟೇ ತಿಳಿದಿದ್ದ ಈ ಕುಲದ ಜೀವಂತ ಮರಗಳು ಚೀನಾದ ಹುಬೆ ಭಾಗದ ಕಣಿವೆಗಳಲ್ಲಿ ಸಿಕ್ಕಿ, 1948ರಲ್ಲಿ ಅವುಗಳಿಗೆ ಶಾಸ್ತ್ರೀಯ ಹೆಸರು ಬಂತು. ಅಲ್ಲಿ ಅವು ನಿಲ್ಲುವುದು ಹಳ್ಳದ ದಂಡೆಯ ತಂಪು ಮಣ್ಣಿನಲ್ಲಿ. ನಮ್ಮ ಎರೆಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚಿರುವುದರಿಂದ ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕದೆ ಚಿಗುರು ಹಳದಿಯಾಗುತ್ತದೆ, ಬೋರ್‌ವೆಲ್ಲಿನ ಗಡಸು ನೀರು ಅದನ್ನು ಇನ್ನಷ್ಟು ಬಿಗಡಾಯಿಸುತ್ತದೆ. ಕಬ್ಬಿಣದ ಲವಣವಾದ ಅನ್ನಭೇದಿ ಹಾಕಿದೆ, ಅದೂ ಸುಣ್ಣದ ಮಣ್ಣಿನಲ್ಲಿ ಬೇಗನೆ ನಿಷ್ಫಲವಾಯಿತು. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿ ನೆಲ ಬಿರಿದಾಗ ಎಳೆಬೇರುಗಳು ಹರಿದವು, ತುದಿಗಳು ಸುಟ್ಟಂತಾದವು. ಟ್ಯಾಂಕರ್ ನೀರು ತರಿಸಿ ಹಾಕಿದರೂ ಮೂರೂ ಉಳಿಯಲಿಲ್ಲ.

ಉಳಿದಿದ್ದರೂ ತೊಂದರೆಯೇ ಆಗುತ್ತಿತ್ತು. 30 ಮೀಟರಿಗೂ ಮೀರಿ ಬೆಳೆಯುವ ಮರವನ್ನು ಕಾಂಪೌಂಡಿನಿಂದ ಐದೇ ಅಡಿ ದೂರದಲ್ಲಿ, ವಿದ್ಯುತ್ ತಂತಿಯ ಕೆಳಗೆ ನೆಟ್ಟಿದ್ದೆ.

ಆದ್ದರಿಂದ ನಮ್ಮ ಭಾಗದವರು ಹಣ ಕೊಡುವ ಮೊದಲೇ ಮಣ್ಣು ಮತ್ತು ನೀರು ಎರಡನ್ನೂ ಪರೀಕ್ಷೆ ಮಾಡಿಸಿರಿ. ಈಗಾಗಲೇ ನೆಟ್ಟವರು, ಚಳಿಗಾಲದಲ್ಲಿ ಬರಿದಾದ ಮರಕ್ಕೆ ಕೊಡಲಿ ಹಾಕದೆ, ತೊಗಟೆ ಕೆರೆದು ನೋಡಿ, ಚಿಗುರುವ ಕಾಲದವರೆಗೆ ಕಾಯಿರಿ.