ಎರಡು ವರ್ಷ ಜಾಮುಲಸ್‌ನಲ್ಲಿ ಹಾಡಿ ನುಡಿಸಿದ ಮೇಲೆ

ಸೋಮವಾರ, ಗುರುವಾರ ರಾತ್ರಿ ಎಂಟೂವರೆಗೆ ನಾವು ಆರು ಜನ ಸಂಗೀತಕ್ಕೆ ಕೂರುತ್ತೇವೆ. ಒಂದೇ ಮನೆಯಲ್ಲಲ್ಲ, ಹೆಚ್ಚಿನವರು ಕಾಸರಗೋಡು ಜಿಲ್ಲೆಯ ಬೇರೆ ಬೇರೆ ಊರಲ್ಲಿ. ನಾನು ಬದಿಯಡ್ಕದಲ್ಲಿ, ಕೊಳಲು. ಹಾಡುವ ಅಕ್ಕ ಕುಂಬಳೆಯಲ್ಲಿ. ಪಿಟೀಲಿನ ಮಾಷ್ಟ್ರು ಮುಳ್ಳೇರಿಯದಲ್ಲಿ, ಮೃದಂಗದ ಭಾವ ಪೆರ್ಲದಲ್ಲಿ, ತಾಳ ಹಾಕುವ ಹುಡುಗ ಹೊಸದುರ್ಗದಲ್ಲಿ, ಖಂಜಿರ ಬಾರಿಸುವ ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ. ಯಾರೂ ವಿದ್ವಾಂಸರಲ್ಲ. ತೋಟ, ಶಾಲೆ, ಸೊಸೈಟಿ ಅಂತ ಹಗಲಿಡೀ ದುಡಿದು, ರಾತ್ರಿ ಒಂದೂವರೆ ಗಂಟೆ ಹೊತ್ತಾದರೂ ಸಂಗೀತ ಬೇಕು ಅನ್ನುವವರು. ನಮ್ಮನ್ನು ಇಂಟರ್ನೆಟ್‌ನಲ್ಲಿ ಒಟ್ಟಿಗೆ ಕೂರಿಸುವುದು ಜಾಮುಲಸ್ ಅನ್ನುವ ಸಾಫ್ಟ್‌ವೇರ್. ಎರಡು ವರ್ಷ ಬಳಸಿದ ಮೇಲೆ ಅದರ ಬಗ್ಗೆ ಬರೆಯೋಣ ಅನಿಸಿತು. ಬಟನ್ನುಗಳ ಬಗ್ಗೆ ಮಾತ್ರ ಬರೆದರೆ ಸಾಲದು. ಅದರಲ್ಲಿ ಕೂತು ನುಡಿಸುವವರು ಒಬ್ಬರ ಜೊತೆ ಒಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದು ಗೊತ್ತಿಲ್ಲದಿದ್ದರೆ ಎಷ್ಟು ಒಳ್ಳೆಯ ಮೈಕ್ ತಂದರೂ ಕೂಟ ಮೂರು ವಾರ ಬಾಳುವುದಿಲ್ಲ, ನಮ್ಮದೂ ಒಮ್ಮೆ ಮುರಿಯುವ ಹಂತಕ್ಕೆ ಬಂದಿತ್ತು.

ಮೊದಲು ಇದು ಏನು ಅಂತ ಹೇಳುತ್ತೇನೆ. ಜರ್ಮನಿಯ ಫೋಲ್ಕರ್ ಫಿಶರ್ 2006ರಲ್ಲಿ ಶುರು ಮಾಡಿದ ಕೆಲಸ. ಪೂರ್ತಿ ಉಚಿತ, ಸೋರ್ಸ್ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ವಿಡಿಯೊ ಇಲ್ಲ, ಬರೀ ಧ್ವನಿ. ಸಾಮಾನ್ಯ ವಿಡಿಯೊ ಕಾಲ್‌ನಲ್ಲಿ ಸಂಗೀತ ಮಾಡಿ ನೋಡಿದವರಿಗೆ ಗೊತ್ತಿರುತ್ತದೆ, ತಂಬೂರಿ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಮಾಯ. ಅವು ಮಾತಿಗಾಗಿ ಮಾಡಿದ ಆ್ಯಪ್‌ಗಳು ಅಲ್ವಾ, ಒಂದೇ ಸಮ ಬರುವ ಸದ್ದನ್ನು ಫ್ಯಾನಿನ ಸದ್ದು ಅಂತ ತಿಳಿದು ಅಳಿಸಿಬಿಡುತ್ತವೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಒಬ್ಬರದ್ದನ್ನು ತಗ್ಗಿಸುತ್ತವೆ. ಜಾಮುಲಸ್ ಹಾಗೆ ಏನನ್ನೂ ಸೋಸುವುದಿಲ್ಲ. ತಂಬೂರಿ ತಂಬೂರಿಯಾಗಿಯೇ ಕೇಳುತ್ತದೆ. ಪಕ್ಕದ ಮನೆಯ ನಾಯಿಯೂ ಕೇಳುತ್ತದೆ, ಮಾಡಿನ ಮೇಲೆ ಬೀಳುವ ಆಟಿ ತಿಂಗಳ ಮಳೆಯೂ ಕೇಳುತ್ತದೆ.

ಎಲ್ಲರ ಧ್ವನಿ ಒಂದು ಸರ್ವರ್‌ಗೆ ಹೋಗಿ, ಅಲ್ಲಿ ಸೇರಿ, ವಾಪಸ್ ಬರುತ್ತದೆ. ತಂಗಿಯ ಮಗ ಮುಂಬಯಿಯಲ್ಲಿರುವ ಒಂದು ಕ್ಲೌಡ್ ಕಂಪ್ಯೂಟರನ್ನು ಬಾಡಿಗೆಗೆ ಹಿಡಿದು ಅದರಲ್ಲಿ ನಮ್ಮ ಸರ್ವರ್ ಹಾಕಿದ್ದಾನೆ. ಇಲ್ಲಿಂದ ಕುಂಬಳೆಗೆ ಗಾಡಿಯಲ್ಲಿ ಅರ್ಧ ಗಂಟೆ ದಾರಿ, ಆದರೆ ಅಕ್ಕನ ಸ್ವರ ಮುಂಬಯಿ ಸುತ್ತಿ ನನ್ನ ಕಿವಿಗೆ ಬರುತ್ತದೆ. ನನ್ನ ಲ್ಯಾಪ್‌ಟಾಪ್ ತೋರಿಸುವ ಒಟ್ಟು ತಡ 60 ಮಿಲಿಸೆಕೆಂಡಿನ ಆಸುಪಾಸು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹಾಗಾಗಿ ಈ 60 ಅಂದರೆ 20 ಮೀಟರ್ ದೂರ ಕೂತ ಹಾಗೆ. ಅಂಗಳದ ಈ ಕೊನೆಯಲ್ಲಿ ನಾನು, ಆ ಕೊನೆಯಲ್ಲಿ ಭಾವನ ಮೃದಂಗ.

ಇದು ಜಾಸ್ತಿಯೋ ಕಡಿಮೆಯೋ? ಏನು ನುಡಿಸುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ನಿಮಿಷಕ್ಕೆ 60 ಬಡಿತದ ನಿಧಾನ ನಡೆಯಲ್ಲಿ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ 1000 ಮಿಲಿಸೆಕೆಂಡ್ ಇರುತ್ತದೆ, ಅದರಲ್ಲಿ 60 ಗೊತ್ತೇ ಆಗುವುದಿಲ್ಲ. ಅದೇ ನಿಮಿಷಕ್ಕೆ 120ರ ವೇಗ ಹಿಡಿದು, ಬಡಿತಕ್ಕೆ ನಾಲ್ಕು ಪೆಟ್ಟು ಬಾರಿಸಿದರೆ ಪೆಟ್ಟಿಗೂ ಪೆಟ್ಟಿಗೂ ನಡುವೆ ಇರುವುದು 125 ಮಾತ್ರ. 60 ಅದರ ಅರ್ಧ ನುಂಗಿತು. ಭಾವನ ಕೈ ಸರಿಯಾಗಿಯೇ ಇದೆ, ಆದರೆ ನನಗೆ ಪೆಟ್ಟು ಎಡೆಯಲ್ಲಿ ಬಿದ್ದ ಹಾಗೆ ಕೇಳುತ್ತದೆ. ಹಾಗಾಗಿ ನಾವು ದ್ರುತಕ್ಕೆ, ಅಂದರೆ ವೇಗದ ನಡೆಗೆ ಹೋಗುವುದಿಲ್ಲ. ಆಲಾಪನೆಗೆ ಮಾತ್ರ ಏನೂ ತೊಂದರೆ ಇಲ್ಲ. ತಾಳ ಇಲ್ಲ, ಪಿಟೀಲು ಹೇಗೂ ಹಾಡುವವರ ಹಿಂದೆಯೇ ಬರುವುದು. ಅಕ್ಕ ಕಲ್ಯಾಣಿ ಹಾಡಿ ನಿಲ್ಲಿಸುವಾಗ ಮಾಷ್ಟ್ರ ಕಮಾನು ಅದೇ ಪ್ರಯೋಗವನ್ನು ಹಿಡಿದು ಮೆಲ್ಲನೆ ಇಳಿಯುತ್ತದಲ್ಲ, ಆಗ ಇವರಿಬ್ಬರು ಬೇರೆ ಬೇರೆ ಊರಲ್ಲಿದ್ದಾರೆ ಅಂತ ಯಾರೂ ಹೇಳಲಾರರು.

ತಾಳದ ವಿಷಯದಲ್ಲಿ ನಾವು ಕಲಿತ ಮೊದಲ ಶಿಸ್ತು ಕಷ್ಟದ್ದು. ಬೇರೆಯವರ ಸದ್ದು ಬರಲಿ ಅಂತ ಪ್ರತಿಯೊಬ್ಬರೂ ಕಾಯುತ್ತಾ ಹೋದರೆ ಹಾಡು ಎಳೆದು ಎಳೆದು ಕೊನೆಗೆ ನಿಂತೇ ಹೋಗುತ್ತದೆ. ಒಬ್ಬರು ಮಾತ್ರ ಯಾರನ್ನೂ ಕಾಯದೆ ತಾಳ ಹಾಕಬೇಕು, ಉಳಿದವರು ಅದಕ್ಕೆ ಸೇರಬೇಕು. ನಮ್ಮಲ್ಲಿ ತಾಳ ಹಾಕುವವನು ಎಲ್ಲರಿಗಿಂತ ಚಿಕ್ಕವನು, ಕಾಲೇಜಿಗೆ ಹೋಗುವ ಹುಡುಗ. ಮಾಷ್ಟ್ರಿಗೆ ಅರವತ್ತು ದಾಟಿದೆ. ಅವರು ಮೊದಲ ದಿನವೇ "ನೀನು ನಮ್ಮನ್ನು ನೋಡಬೇಡ ಮಗಾ, ನಾವು ನಿನ್ನ ಹಿಂದೆ ಬರುತ್ತೇವೆ" ಅಂದರು. ಹಿರಿಯರು ಹಾಗೆ ಅನ್ನದಿದ್ದರೆ ಆ ಹುಡುಗ ಇವತ್ತಿಗೂ ಹೆದರಿಕೊಂಡೇ ತಾಳ ಹಾಕುತ್ತಿದ್ದ.

ಶ್ರುತಿಗೂ ಹೀಗೆಯೇ. ಅಕ್ಕನದ್ದು ಬಿಳಿ ಐದು, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯ ಶ್ರುತಿ, ನನ್ನ ಕೊಳಲೂ ಅದೇ. ಮೊದಮೊದಲು ಎಲ್ಲರೂ ಅವರವರ ಶ್ರುತಿಪೆಟ್ಟಿಗೆ ಹಾಕಿಕೊಂಡು ಕೂರುತ್ತಿದ್ದೆವು. ಒಂದು ಪೆಟ್ಟಿಗೆ ಕೂದಲೆಳೆಯಷ್ಟು ಆಚೆ ಈಚೆ ಇದ್ದರೂ ಎರಡೂ ಸೇರಿದಾಗ ಅಲೆ ಅಲೆಯಾಗಿ ನಡುಗುತ್ತದೆ. ಈಗ ಹಾಡುವವರು ಮಾತ್ರ ಶ್ರುತಿ ಹಾಕುವುದು.

ಈಗ ನನಗೆ ತುಂಬಾ ಇಷ್ಟವಾದ ಸಂಗತಿಗೆ ಬರುತ್ತೇನೆ. ಜಾಮುಲಸ್ ತೆರೆದರೆ ಕೂಟದಲ್ಲಿರುವ ಪ್ರತಿಯೊಬ್ಬರಿಗೂ ಒಂದೊಂದು ಪಟ್ಟಿ ಕಾಣುತ್ತದೆ, ಅದರಲ್ಲಿ ಮೇಲೆ ಕೆಳಗೆ ಸರಿಸುವ ಒಂದು ಗುಂಡಿ. ನಾನು ಖಂಜಿರದ ಗುಂಡಿ ತಗ್ಗಿಸಿದರೆ ನನ್ನ ಕಿವಿಗೆ ಮಾತ್ರ ತಗ್ಗುತ್ತದೆ, ಬೇರೆ ಯಾರಿಗೂ ಇಲ್ಲ. ಭಜನೆಯಲ್ಲಿ ಎಷ್ಟು ಮನಸ್ತಾಪ "ನಿನ್ನದು ಜಾಸ್ತಿ ಆಯಿತು, ಸ್ವಲ್ಪ ಕಡಿಮೆ ಬಾರಿಸು" ಅನ್ನುವ ಮಾತಿನಿಂದಲೇ ಶುರುವಾಗುತ್ತದೆ ಅಂತ ನಮ್ಮ ಕಡೆಯ ಯಾವ ಭಜನಾ ಮಂದಿರದಲ್ಲಿ ಕೇಳಿದರೂ ಹೇಳುತ್ತಾರೆ. ಇಲ್ಲಿ ಆ ಮಾತೇ ಬೇಡ. ಅವರವರ ಕಿವಿಗೆ ಬೇಕಾದಷ್ಟು ಅವರವರು ಇಟ್ಟುಕೊಳ್ಳಬಹುದು.

ಆದರೆ ಇದೇ ಜಾಗದಲ್ಲಿ ನಾವು ಎಡವಿದ್ದು. ಒಬ್ಬರ ಧ್ವನಿಯನ್ನು ಪೂರ್ತಿ ಬಂದ್ ಮಾಡಿದರೆ, ಬಂದ್ ಮಾಡಿದವರ ಪಟ್ಟಿಯ ಮೇಲೆ ಅಡ್ಡಗೀಟು ಹಾಕಿದ ಸ್ಪೀಕರಿನ ಚಿತ್ರ ಬರುತ್ತದೆ, ಅದು ಬಂದ್ ಆದವರಿಗೆ ಕಾಣುತ್ತದೆ. ಒಂದು ಗುರುವಾರ ಭಾವ ಬಾರಿಸುತ್ತಾ ಇದ್ದಾಗ ಮಾಷ್ಟ್ರ ಪಟ್ಟಿಯಲ್ಲಿ ಆ ಚಿತ್ರ ಬಂತು. ಭಾವ ಬಾರಿಸುವುದು ನಿಲ್ಲಿಸಿದರು. ಏನೂ ಹೇಳಲಿಲ್ಲ, ಹೊರಗೆ ಹೋದರು. ಮುಂದಿನ ಎರಡು ಕೂಟಕ್ಕೂ ಇಲ್ಲ. ನಾನು ಪೆರ್ಲಕ್ಕೆ ಹೋಗಿ ಜಗಲಿಯಲ್ಲಿ ಕೂತು ಕೇಳಿದಾಗ "ನನ್ನ ಮೃದಂಗ ಕೇಳುವುದೇ ಬೇಡ ಅಂತ ಬಾಯಲ್ಲೇ ಹೇಳಬಹುದಿತ್ತು ಭಾವ" ಅಂದರು. ಮಾಷ್ಟ್ರು ಮಾಡಿದ್ದು ಇಷ್ಟೇ, ಅಕ್ಕ ಹಾಡಿದ ಸಾಲಿನ ಒಂದು ಸಂಗತಿ, ಅಂದರೆ ಸ್ವರದ ತಿರುವು, ಸರಿಯಾಗಿ ಕೇಳಲಿ ಅಂತ ಅವರೊಬ್ಬರನ್ನೇ ಇಟ್ಟು ಉಳಿದ ಎಲ್ಲರನ್ನೂ ಅರ್ಧ ನಿಮಿಷ ಬಂದ್ ಮಾಡಿದ್ದರು. ಆ ಚಿತ್ರ ನನಗೂ ಬಂದಿತ್ತು, ನಾನು ಗಮನಿಸಿರಲಿಲ್ಲ. ಗೊತ್ತಾದ ಕೂಡಲೇ ಮಾಷ್ಟ್ರೇ ಫೋನ್ ಮಾಡಿ ಮಾತಾಡಿದರು. ಅಲ್ಲಿಂದ ನಮ್ಮಲ್ಲಿ ಒಂದು ಕ್ರಮ, ಯಾರನ್ನಾದರೂ ಬಂದ್ ಮಾಡಬೇಕಿದ್ದರೆ ಮೊದಲು ಒಂದು ಮಾತು ಹೇಳಿ ಮಾಡಬೇಕು. ತಗ್ಗಿಸುವುದಕ್ಕೆ ಹೇಳಬೇಕಾಗಿಲ್ಲ, ಬಂದ್ ಮಾಡುವುದಕ್ಕೆ ಹೇಳಬೇಕು.

ಇನ್ನೊಂದು, ನಮ್ಮನ್ನು ನಾವೇ ಮ್ಯೂಟ್ ಮಾಡಿಕೊಂಡರೆ ಅದು ಬೇರೆಯವರಿಗೆ ಗೊತ್ತಾಗುವುದಿಲ್ಲ. ಯಾವ ಗುರುತೂ ಕಾಣುವುದಿಲ್ಲ. ನೀವು ಒಲೆ ಮೇಲಿನ ಹಾಲು ನೋಡಲು ಎದ್ದು ಹೋಗಿರುತ್ತೀರಿ, ಅವರು "ಯಾಕೆ ಮಾತಿಲ್ಲ, ಬೇಜಾರಾಯಿತಾ" ಅಂತ ಯೋಚಿಸುತ್ತಾ ಕೂತಿರುತ್ತಾರೆ. ಮುಖ ಕಾಣದ ಜಾಗದಲ್ಲಿ ಸುಮ್ನೆ ಇರುವುದು ಸಿಟ್ಟಿನ ಹಾಗೆ ಕೇಳುತ್ತದೆ. ಚಾಟ್‌ನಲ್ಲಿ "ಎರಡು ನಿಮಿಷ" ಅಂತ ಬರೆದು ಏಳಬೇಕು. ಕನ್ನಡ ಅಕ್ಷರದಲ್ಲೇ ಬರೆಯಬಹುದು, ಚೆನ್ನಾಗಿ ಕಾಣುತ್ತದೆ. ಹಾಡಿನ ನಡುವೆ ಮಾತ್ರ ಚಾಟ್ ಬೇಡ. ಯಾರಾದರೂ ಬರೆದ ಕೂಡಲೇ ಎಲ್ಲರ ಪರದೆಯ ಮೇಲೂ ಆ ಕಿಟಕಿ ತಾನಾಗಿ ತೆರೆದುಕೊಳ್ಳುತ್ತದೆ, ಹಾಡುವವರು ಸಾಹಿತ್ಯ ನೋಡುತ್ತಿದ್ದರೆ ಅದರ ಮೇಲೆಯೇ ಬಂದು ಕೂರುತ್ತದೆ.

ನಮ್ಮದು ಮನೆಯವರ ಹಾಗಿರುವ ಕೂಟ. ಆದರೆ ಜಾಮುಲಸ್‌ನಲ್ಲಿ ಎಲ್ಲರಿಗೂ ತೆರೆದ ಸರ್ವರ್‌ಗಳೂ ಇವೆ. ರಾಕ್, ಜಾಝ್, ಜನಪದ, ಏಷ್ಯಾ ಅಂತ ಪಟ್ಟಿಗಳಿವೆ, ಒಳಗೆ ಯಾರಿದ್ದಾರೆ ಅಂತ ಹೆಸರು, ವಾದ್ಯ, ದೇಶದ ಬಾವುಟ ಕಾಣುತ್ತದೆ. ಮೊದಲ ವಾರ ನಾನು ಏಷ್ಯಾದ ಒಂದು ಸರ್ವರ್‌ಗೆ ಹೋಗಿದ್ದೆ. ಮೂವರು ಗಿಟಾರ್ ನುಡಿಸುತ್ತಿದ್ದರು, ಒಬ್ಬರ ಹೆಸರಿನ ಪಕ್ಕ ಜಪಾನಿನ ಬಾವುಟ. ಮೈಕ್ ತೆರೆದೇ ಇಟ್ಟು ನಾನು ಕೊಳಲು ಊದಿ ಸ್ವರ ನೋಡತೊಡಗಿದೆ. ಅವರ ಹಾಡಿನ ನಡುವೆ! ಅವರು ನಿಲ್ಲಿಸಿದರು. ಬೈಯಲಿಲ್ಲ. ಬನ್ನಿ, ಈ ಹಾಡು ಮುಗಿಸುತ್ತೇವೆ, ಆಮೇಲೆ ನಿಮ್ಮ ಕೊಳಲು ಕೇಳಬೇಕು ಅಂತ ಚಾಟ್‌ನಲ್ಲಿ ಬರೆದರು. ಮುಗಿಸಿ, ನಿಜವಾಗಿಯೂ ಕರೆದರು. ತಡ ಜಾಸ್ತಿ ಇತ್ತು, ಪರದೆಯಲ್ಲಿ ತಡ ತೋರಿಸುವ ದೀಪ ಕೆಂಪಾಗಿ ಉರಿಯುತ್ತಿತ್ತು, ತಾಳಕ್ಕೆ ಒಟ್ಟಿಗೆ ನುಡಿಸುವ ಮಾತೇ ಇಲ್ಲ. ನಾನು ಮೋಹನ ರಾಗ ನುಡಿಸಿದೆ, ಒಬ್ಬರು ಒಂದೇ ಸ್ವರವನ್ನು ಷಡ್ಜದ ಹಾಗೆ ಹಿಡಿದುಕೊಂಡು ಕೂತರು. ಐದು ಸ್ವರದ ಆ ದಾರಿ ಜಪಾನಿನ ಕಡೆಗೂ ಹೊಸದಲ್ಲ. ನನ್ನ ತಪ್ಪನ್ನು ಅವರು ತಿದ್ದಿದ ರೀತಿಯನ್ನು ನಾನು ಮರೆತಿಲ್ಲ. ಈಗ ಎಲ್ಲಿಗೆ ಹೋದರೂ ಮೊದಲು ಮ್ಯೂಟ್, ಆಮೇಲೆ ಚಾಟ್‌ನಲ್ಲಿ ನಮಸ್ಕಾರ, ಹಾಡು ಮುಗಿಯುವವರೆಗೆ ಕೇಳುವುದು, ಸೇರಬಹುದಾ ಅಂತ ವಿಚಾರಿಸುವುದು.

ತಿದ್ದುವ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಹವ್ಯಾಸಿಗಳ ಕೂಟ ಮುರಿಯುವುದು ಹೆಚ್ಚಾಗಿ ಸಲಹೆಯಿಂದ. ಹೆಡ್‌ಫೋನ್ ಹಾಕಿಕೊಂಡವರಿಗೆ ಬೇರೆಯವರ ಮಾತು ನೇರ ಕಿವಿಯೊಳಗೆ ಬೀಳುತ್ತದೆ. ಎದುರು ಕೂತು ನಗುತ್ತಾ "ಅಲ್ಲಿ ನಿಷಾದ ಸ್ವಲ್ಪ ತಗ್ಗಿತು" ಅಂದರೆ ನಡೆಯುತ್ತದೆ, ಇಲ್ಲಿ ಅದೇ ಮಾತು ಬೈದ ಹಾಗೆ ಕೇಳುತ್ತದೆ. ಹಾಗಾಗಿ ಕೇಳಿದರೆ ಮಾತ್ರ ಹೇಳುವುದು. ಅಕ್ಕ ಹಾಡು ಮುಗಿಸಿ "ಮಾಷ್ಟ್ರೇ, ಚರಣ ಹೇಗಾಯಿತು" ಅಂತ ಕೇಳುತ್ತಾರೆ. ಆಗ ಮಾಷ್ಟ್ರು ಹೇಳುತ್ತಾರೆ, ಬರೀ ಮಾತಲ್ಲಿ ಅಲ್ಲ, ಪಿಟೀಲಿನಲ್ಲಿ ಆ ಜಾಗವನ್ನು ಎರಡು ಸಲ ನುಡಿಸಿ ತೋರಿಸುತ್ತಾರೆ. ಅಷ್ಟು ಸಾಕು.

ಭಾಷೆಯ ಬಗ್ಗೆಯೂ ಒಂದು ಮಾತು. ಕಾಸರಗೋಡು ಏಳು ಭಾಷೆಯ ಊರು. ನಾನು, ಭಾವ ಹವ್ಯಕರ ಮನೆಮಾತಾದ ಹವಿಗನ್ನಡದಲ್ಲಿ ಶುರು ಮಾಡಿದರೆ ನಿಲ್ಲುವುದಿಲ್ಲ, ಅಕ್ಕ ಮಾಷ್ಟ್ರ ಹತ್ತಿರ ತುಳು. ಹೊಸದುರ್ಗದ ಹುಡುಗನ ಮನೆ ಮಾತು ಮಲಯಾಳ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಹವಿಗನ್ನಡ ಆಗುವುದಿಲ್ಲ. ಇಬ್ಬರು ತಮ್ಮದೇ ಮಾತಿನಲ್ಲಿ ನಕ್ಕರೆ ಮೂರನೆಯವನಿಗೆ ತನ್ನನ್ನೇ ನೋಡಿ ನಕ್ಕ ಹಾಗೆ ಅನಿಸುತ್ತದೆ. ಅಕ್ಕ ಇದನ್ನು ಗಮನಿಸಿ, ಅವನು ಇರುವಾಗ ಎಲ್ಲರಿಗೂ ತಿಳಿಯುವ ಕನ್ನಡ, ಬೇಕಾದರೆ ಮಲಯಾಳ ಅಂತ ಮಾಡಿದರು. ಒಳ್ಳೆಯದೇ ಆಯಿತು.

ರೆಕಾರ್ಡ್ ಮಾಡುವ ಮೊದಲು ಕೇಳಬೇಕು. ಸರ್ವರ್‌ನಲ್ಲಿ ರೆಕಾರ್ಡಿಂಗ್ ಹಾಕಿದರೆ ಎಲ್ಲರಿಗೂ ಕಾಣುತ್ತದೆ, ಆದರೆ ಯಾರಾದರೂ ತಮ್ಮ ಕಂಪ್ಯೂಟರಿನಲ್ಲೇ ಮಾಡಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಅಭ್ಯಾಸದ ಹಾಡು ವಾಟ್ಸ್ಆ್ಯಪ್‌ಗೆ ಹೋಗಬಾರದು, ಅದು ನಮ್ಮಲ್ಲಿ ಕಟ್ಟುನಿಟ್ಟು.

ಕೊಳ್ಳುವ ಸಾಮಾನು ಹೆಚ್ಚಿಲ್ಲ. ಲ್ಯಾಪ್‌ಟಾಪ್, ವೈರಿನ ಹೆಡ್‌ಫೋನ್, ರೌಟರಿನಿಂದ ಲ್ಯಾಪ್‌ಟಾಪಿಗೆ ಕೇಬಲ್. ವೈಫೈ ಬೇಡ, ಟಕ್ ಟಕ್ ಅಂತ ಕಡಿದು ಹೋಗುತ್ತದೆ. ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ, ಅದರ ತಡವೇ ಬೇರೆ. ವಿಂಡೋಸ್ ಆದರೆ ಧ್ವನಿಯ ತಡ ಕಡಿಮೆ ಮಾಡುವ ಎಎಸ್‌ಐಒ (ASIO) ಡ್ರೈವರ್ ಬೇಕು, ಮೈಕ್ ಸಿಕ್ಕಿಸುವ ಚಿಕ್ಕ ಆಡಿಯೊ ಇಂಟರ್ಫೇಸ್ ಇದ್ದರೆ ಒಳ್ಳೆಯದು. ಮಳೆಗಾಲಕ್ಕೆ ರೌಟರಿಗೂ ಇನ್ವರ್ಟರ್ ಕನೆಕ್ಷನ್ ಕೊಡಿಸಿ. ಮೊದಲ ಸಲ ಹಾಕಿಕೊಳ್ಳುವಾಗ ತಿಳಿದವರು ಪಕ್ಕದಲ್ಲಿದ್ದರೆ ಒಳ್ಳೆಯದು, ಒಬ್ಬರೇ ಕೂತರೆ ಒಂದು ಸಂಜೆ ಪೂರ್ತಿ ಹೋಗುತ್ತದೆ.

ವಾದ್ಯದ ಪಟ್ಟಿಯಲ್ಲಿ ಕೇಳುಗ ಅಂತಲೂ ಒಂದು ಆಯ್ಕೆ ಇದೆ. ನೀರ್ಚಾಲಿನ ನಮ್ಮ ಮಾವ ಅದನ್ನು ಹಾಕಿಕೊಂಡು ಬರುತ್ತಾರೆ. ಎಂಬತ್ತರ ಮೇಲಾಯಿತು, ತಾಳಮದ್ದಲೆ (ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳಿಯೇ ಬೆಳೆದವರು. ಹೆಸರಾಂತ ಕಲಾವಿದ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ, ಅಂದರೆ ಪಾತ್ರದ ಮಾತು, ಎದುರು ಕೂತು ಕೇಳಿದ್ದರಿಂದಲೋ ಏನೋ, ಎದುರಿನವರ ಮಾತು ಮುಗಿಯದೆ ಬಾಯಿ ಹಾಕುವುದು ಅವರಿಗೆ ಆಗುವುದೇ ಇಲ್ಲ. ಕೂಟ ಮುಗಿದ ಮೇಲೆ ಮೊಮ್ಮಗಳ ಕೈಯಲ್ಲಿ ಚಾಟ್‌ಗೆ ಒಂದು ಸಾಲು ಬರೆಸುತ್ತಾರೆ. ಕಳೆದ ವಾರದ ಸಾಲು, ಇದರಲ್ಲಿ ತಾಳಮದ್ದಲೆ ಆಗುವುದಿಲ್ಲವಾ ಅಂತ. ಭಾಗವತರ ಹಾಡಿಗೆ ಚೆಂಡೆ ಸೇರಿಸುವುದು ಈ ತಡದಲ್ಲಿ ಕಷ್ಟ. ಆದರೆ ಅರ್ಥಕ್ಕೆ ತಾಳ ಬೇಡವಲ್ಲ, ಮದ್ದಳೆಯೂ ಭಾಗವತರೂ ಒಂದೇ ಮನೆಯಲ್ಲಿ ಕೂತು, ಅರ್ಥದವರು ಅವರವರ ಮನೆಯಿಂದ ಮಾತಾಡಿದರೆ ಆಗಬೇಕು. ಬರುವ ಶನಿವಾರ ನೋಡುತ್ತೇವೆ. ಮಾವನ ಹೆಸರಿನ ಪಕ್ಕದ ಕೇಳುಗ ಅನ್ನುವುದನ್ನು ಆವತ್ತೊಂದು ದಿನಕ್ಕೆ ತೆಗೆಯಬೇಕು, ಅವರೂ ಒಂದು ಪಾತ್ರ ಹೇಳುತ್ತಾರಂತೆ.