ಅಮ್ಮ ರಾಯಚೂರಲ್ಲೇ ಇರಲಿ: ಡಬ್ಬಿ ಊಟನಾ, ಓಣಿಯ ಅಕ್ಕನಾ, ಹೋಮ್ ನರ್ಸಾ?

ಅಮ್ಮ ಊರು ಬಿಟ್ಟು ಬರಲ್ಲ, ಏನು ವ್ಯವಸ್ಥೆ ಮಾಡಲಿ ಅಂತ ಕೇಳಿದ್ದೀರಿ. ಮೊದಲು ಅವರಿಗೆ ಯಾವುದು ಕಷ್ಟ ಅಂತ ನೋಡಿ. ಒಲೆ ಮುಂದೆ ನಿಲ್ಲೋದಾ, ಸ್ನಾನನಾ, ರಾತ್ರಿ ಏಳೋದಾ?

ಅಡುಗೆ ಮಾತ್ರ ಕಷ್ಟ ಅಂದ್ರೆ ಖಾನಾವಳಿ ಡಬ್ಬಿ ಸಾಕು. ಖರ್ಚೂ ಕಡಿಮೆ. ಆದರೆ ಖಡಕ್ ರೊಟ್ಟಿ ಹಲ್ಲಿಲ್ಲದವರಿಗೆ ಆಗಲ್ಲ. ಮೆತ್ತನೆ ರೊಟ್ಟಿ, ಖಾರ ಕಡಿಮೆ ಅಂತ ಮೊದಲೇ ಹೇಳಿಡಿ.

ಹೋಮ್ ನರ್ಸ್‌ಗೆ ಖರ್ಚು ಜಾಸ್ತಿ. ಅವರ ಊಟ, ಮಲಗೋ ಜಾಗವೂ ನಮ್ಮದೇ. ಆದರೆ ಹಾಸಿಗೆ ಹಿಡಿದವರಿಗೆ, ಮೂತ್ರದ ಪೈಪು ಇದ್ದವರಿಗೆ, ಹುಣ್ಣಿಗೆ ಡ್ರೆಸಿಂಗ್ ಬೇಕಾದವರಿಗೆ ತರಬೇತಿ ಪಡೆದವರೇ ಬೇಕು. ಸರ್ಟಿಫಿಕೇಟ್ ನೋಡದೆ ಒಪ್ಪಬೇಡಿ. ರಜೆ ಹಾಕಿದರೆ ಬದಲಿಗೆ ಯಾರು ಬರ್ತಾರೆ ಅಂತ ಬರೆಸಿಕೊಳ್ಳಿ.

ಓಡಾಡೋ ಶಕ್ತಿ ಇದ್ದವರಿಗೆ ನಾನು ಓಣಿಯವರನ್ನೇ ಹುಡುಕಿ ಅಂತೀನಿ. ನಮ್ಮ ಅತ್ತೆಗೆ ಅಂಥ ಒಬ್ಬಾಕೆ ಎರಡು ಹೊತ್ತು ಬರ್ತಿದ್ದರು. ಮೇ ತಿಂಗಳ ಒಂದು ಮಧ್ಯಾಹ್ನ, ಬೆಳಗ್ಗೆ ತುಂಬಿಸಿಟ್ಟ ತಂಬಿಗೆ ಹಾಗೇ ಇತ್ತು. ತಕ್ಷಣ ನನಗೆ ಫೋನ್ ಮಾಡಿದರು. ವಯಸ್ಸಾದವರಿಗೆ ಬಾಯಾರಿಕೆ ಬೇಗ ಗೊತ್ತಾಗಲ್ಲ, ನಮ್ಮ ಬಿಸಿಲು 40 ಡಿಗ್ರಿ ದಾಟುತ್ತೆ. ಡಬ್ಬಿ ತರೋ ಹುಡುಗ ತಂಬಿಗೆ ನೋಡ್ತಾನಾ? ಒಂದೇ ತೊಂದರೆ, ಹತ್ತಿ ಬಿಡಿಸೋ ಕಾಲದಲ್ಲಿ, ಜಾತ್ರೆಯಲ್ಲಿ ಇವರು ಸಿಗಲ್ಲ. ಆಗ ಡಬ್ಬಿ ಹೇಳಿಡಿ.

ಯಾರನ್ನೇ ಇಟ್ಟರೂ ಹಿರಿಯರ ಸಹಾಯವಾಣಿ 14567 ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ, ಕರೆ ಉಚಿತ. ಬಚ್ಚಲಲ್ಲಿ ಹಿಡಿದುಕೊಳ್ಳೋಕೆ ಒಂದು ಕಂಬಿ ಈ ವಾರವೇ ಹಾಕಿಸಿ.